ಮೂಡಲಿಗೆ ತಲೆಯಿಟ್ಟ ಮೂರು ಮೀನು

ಗೊಪ್ದಾನಿಗೆ ಓದು ಬರಹ ಬರುತ್ತಿರಲಿಲ್ಲ. ಹಾಗಿದ್ದೂ ಒಂದು ತತ್ವಗ್ರಂಥದಲ್ಲಿ ಅವಳ ನಡತೆಯನ್ನು ಕುರಿತು ಹನ್ನೊಂದು ಹಾಳೆ ಇದ್ದವು. ಬರೆದವರು ತಾಕ್ ಗುರುಗಳು. ಹನ್ನೊಂದು ಹಾಳೆಯೂ ಹೊಗಳಿಕೆಯೇ. ತೊಡಕು ಒಂದೇ: ಉದ್ದಕ್ಕೂ ಅವಳನ್ನು ನೀರುನಾಯಿ ಎಂದು ಕರೆಯಲಾಗಿತ್ತು.

ಇದರಲ್ಲಿ ಅವಳ ತಪ್ಪಿಲ್ಲ. ಗುರುಗಳ ತಪ್ಪೂ ಇಲ್ಲ ಎನ್ನುವವರು ಇದ್ದಾರೆ. ಅವರೆಲ್ಲ ಗುರುಗಳ ಶಿಷ್ಯರು.

ಚೋಸನ್ ದೇಶದ ಚುಂಗ್‌ಚೊಂಗ್ ಸೀಮೆಯಲ್ಲಿ ಹೊಳೆ ಒಂದು ಕಡೆ ಮೊಣಕೈಯಂತೆ ಬಾಗುತ್ತದೆ. ಆ ಬಾಗಿನಲ್ಲಿ ಕಲ್ಲು ಪೇರಿಸಿದ ಒಂದು ಅಡ್ಡಗಟ್ಟು, ಕಲ್ಲಿನ ಸಂದುಗಳಲ್ಲಿ ಬಿದಿರಿನ ಕೂಳಿಗಳು. ಕೂಳಿಯೊಳಗೆ ಹೊಕ್ಕ ಮೀನು ವಾಪಸು ಬರಲಾರದು. ಅಡ್ಡಗಟ್ಟಿನ ಹಕ್ಕು ಈಚೆ ದಡದ ತಾಕ್ ಮನೆತನದ್ದು. ಅದರ ಕೆಲಸ ಗೊಪ್ದಾನಿಯ ಗಂಡ ಚಿಲ್ಸೊಂಗನದು. ತಾಕ್ ಮನೆಯವರು ಹಿರಿಯರಿಗೆ ಎಡೆ ಇಡುವಾಗಲೆಲ್ಲ ಒಳ್ಳೆಯ ಗೆಂಡೆ ಮೀನು ತಂದುಕೊಡಬೇಕು, ಮಿಕ್ಕಿದ್ದು ಗಂಡಹೆಂಡಿರ ಹೊಟ್ಟೆಪಾಡಿಗೆ. ಅದರಲ್ಲೂ ಒಂದು ಪಾಲು ನೀರುನಾಯಿಗೆ ಹೋಗುತ್ತಿತ್ತು. ಅದು ಕೂಳಿಯ ಬಾಯಿ ಕಚ್ಚಿ ಹಿಗ್ಗಿಸುವ ವಿದ್ಯೆ ಕಲಿತಿತ್ತು.

ಗೊಪ್ದಾನಿಗೆ ಇಪ್ಪತ್ತೊಂಬತ್ತು ತುಂಬಿದ ವರ್ಷ, ಮೊದಲ ತಿಂಗಳ ಹುಣ್ಣಿಮೆಯ ಬೆಳಿಗ್ಗೆ, ಚಿಲ್ಸೊಂಗ್ ಕೂಳಿ ನೋಡಲು ಮಂಜುಗಡ್ಡೆ ಕಟ್ಟಿದ ಹೊಳೆಯ ಮೇಲೆ ನಡೆದುಹೋದ. ಆ ದಿನ ಊರಿನವರೆಲ್ಲ ಎದ್ದ ಕೂಡಲೇ ಅಕ್ರೋಟನ್ನು ಹಲ್ಲಿನಲ್ಲಿ ಕಡಿದು ಒಡೆಯುತ್ತಾರೆ, ವರ್ಷವಿಡೀ ಮೈಮೇಲೆ ಹುಣ್ಣು ಏಳದಿರಲಿ ಎಂದು. ಊರ ತುಂಬ ಕಟಕಟ ಸದ್ದು. ಅದರ ನಡುವೆ ಹೊಳೆಯ ಮೇಲಿನ ಮಂಜುಗಡ್ಡೆ ಒಡೆದ ಸದ್ದು ಯಾರಿಗೂ ಬೇರೆಯಾಗಿ ಕೇಳಿಸಲಿಲ್ಲ.

ಹೆಣ ಸಿಗಲಿಲ್ಲ. ಹೆಣವಿಲ್ಲ ಎಂದಮೇಲೆ ಗೋರಿ ಇಲ್ಲ, ಮಗನಿಲ್ಲ ಎಂದಮೇಲೆ ಎಡೆ ಇಡುವವರಿಲ್ಲ. ಭಾವನ ಮಗ ಎರಡು ವರ್ಷ ಚಿಕ್ಕಪ್ಪನಿಗೆ ಎಡೆ ಇಟ್ಟ. ಮೂರನೆಯ ವರ್ಷ ಬಂದು, ಅಡ್ಡಗಟ್ಟಿನ ಕೆಲಸ ತನಗೆ ಬಿಟ್ಟುಕೊಟ್ಟರೆ ಇಡುತ್ತೇನೆ ಎಂದ.

"ಅಲ್ಲಪ್ಪಾ, ನಾಳೆ ನಿಮ್ಮಪ್ಪ ಸತ್ರೆ ಅವನಿಗೆ ಎಡೆ ಇಡೋಕೆ ಯಾವ ಹೊಳೆ ಕೇಳ್ತೀಯ?" ಎಂದಳು ಗೊಪ್ದಾನಿ. ಅವನು ಆಮೇಲೆ ಆ ಕಡೆ ತಲೆ ಹಾಕಲಿಲ್ಲ.

ಆಗ ಅವಳೇ ಶುರುಮಾಡಿದಳು. ಕ್ರಮ ಅವಳಿಗೆ ಗೊತ್ತಿತ್ತು. ತಾಕ್ ಗುರುಗಳ ತಾಯಿ ತೀರಿಕೊಂಡಾಗ ಆ ಮನೆಯಲ್ಲಿ ಮೂರು ವರ್ಷ ಸೂತಕ ಹಿಡಿದಿದ್ದರು. ತಿಂಗಳ ಒಂದನೆಯ ದಿನ, ಹದಿನೈದನೆಯ ದಿನ, ಬೆಳಕು ಹರಿಯುವ ಹೊತ್ತಿಗೆ ಎಡೆ. ಅಂಗಳದಲ್ಲಿ ಪಾತ್ರೆ ತಿಕ್ಕಲು ಬರುತ್ತಿದ್ದವಳು ಗೊಪ್ದಾನಿ. ಮೂರು ವರ್ಷ ಒಂದೇ ಕಡೆ ಕೂತು ಪಾತ್ರೆ ತಿಕ್ಕುವವಳಿಗೆ ತೆರೆದ ಬಾಗಿಲಿನಾಚೆ ಏನೇನು ನಡೆಯುತ್ತದೆ ಎಂದು ಬಾಯಿಪಾಠವಾಗುತ್ತದೆ. ಮೀನಿನ ತಲೆ ಮೂಡಲಿಗೆ, ಬಾಲ ಪಡುವಲಿಗೆ. ಬೆಸ ಲೆಕ್ಕ. ದೊಡ್ಡದು ನಡುವೆ. ಗಂಡಸರಾದರೆ ಎರಡು ಬಾರಿ ಅಡ್ಡಬೀಳಬೇಕು, ಹೆಂಗಸರಾದರೆ ನಾಲ್ಕು.

ಗಂಡ ಮುಳುಗಿದ ಜಾಗಕ್ಕೆ ಎದುರಾಗಿ ದಡದಲ್ಲಿ ಒಂದು ಚಪ್ಪಟೆ ಬಂಡೆ ಇತ್ತು. ಒಂದನೆಯ ದಿನ, ಹದಿನೈದನೆಯ ದಿನ, ಅವಳು ಆ ಬಂಡೆಯ ಮೇಲೆ ಮೂರು ಮೀನು ಇಟ್ಟು ನಾಲ್ಕು ಬಾರಿ ಅಡ್ಡಬೀಳುತ್ತಿದ್ದಳು. ಓದಿದವರ ಮನೆಯಲ್ಲಾದರೆ ಸತ್ತವರ ಹೆಸರು ಬರೆದ ಹಲಗೆ ಇರುತ್ತದೆ, ಅದನ್ನು ನೋಡಿ ಕರೆಯುತ್ತಾರೆ. ಇವಳ ಹತ್ತಿರ ಹಲಗೆ ಇತ್ತು, ಬರೆಯುವವರು ಇರಲಿಲ್ಲ. ಸತ್ತ ವಾರದಲ್ಲೇ ಬಡಗಿಯಿಂದ ಹೆರೆಸಿ ತಂದ ಹಲಗೆ ಒಲೆಯ ಹಿಂದೆ ಹೊಗೆ ಕುಡಿಯುತ್ತಾ ಕೂತಿತ್ತು. ಹೀಗಾಗಿ ಬಂಡೆಯ ಮುಂದೆ, "ಬಾ, ತಿನ್ನು, ತಣ್ಣಗಾಗಲ್ಲ, ಮೊದಲೇ ತಣ್ಣಗಿದೆ," ಎಂದಷ್ಟು ಹೇಳಿ ಕೂಳಿ ನೋಡಲು ಹೋಗುತ್ತಿದ್ದಳು. ಅವಳು ಅತ್ತ ಹೋದ ಮೇಲೆ ನೀರುನಾಯಿ ಬಂದು ತಿನ್ನುತ್ತಿತ್ತು. ಅವಳಿಗೆ ಅದು ತಿಳಿದಿತ್ತು. ಎಡೆ ಎತ್ತಿದ ಮೇಲೆ ದೊಡ್ಡ ಮನೆಗಳಲ್ಲೂ ಬದುಕಿರುವವರೇ ತಾನೆ ತಿನ್ನುವುದು.

ಇನ್ನು ತಾಕ್ ಗುರುಗಳ ವಿಷಯ.

ಆ ಕಾಲದಲ್ಲಿ ಓದಿದವರೆಲ್ಲ ಎರಡು ಪಕ್ಷವಾಗಿದ್ದರು. ಪ್ರಶ್ನೆ ಇಷ್ಟೆ: ಮನುಷ್ಯನ ಸ್ವಭಾವ ಮತ್ತು ದನ, ಹುಲಿ, ಇರುವೆಗಳ ಸ್ವಭಾವ ಮೂಲದಲ್ಲಿ ಒಂದೆಯೋ, ಬೇರೆಯೋ? ಕರುಣೆ, ನ್ಯಾಯ, ಮರ್ಯಾದೆ, ವಿವೇಕ, ನಂಬಿಕೆ ಎಂಬ ಐದು ಗುಣಗಳನ್ನು ಆಕಾಶ ಎಲ್ಲ ಜೀವಕ್ಕೂ ಪೂರ್ತಿಯಾಗಿ ಕೊಟ್ಟಿದೆ, ಪ್ರಾಣಿಗಳಲ್ಲಿ ಅದಕ್ಕೆ ಮಣ್ಣು ಮುಸುಕಿದೆ ಅಷ್ಟೆ ಎಂದು ರಾಜಧಾನಿಯ ಕಡೆಯವರು ಹೇಳುತ್ತಿದ್ದರು. ಇವರು 'ಒಂದೇ' ಎನ್ನುವ ಪಕ್ಷ. ಪೂರ್ತಿ ಐದು ಸಿಕ್ಕಿದ್ದು ಮನುಷ್ಯನಿಗೆ ಮಾತ್ರ, ಹುಲಿಗೆ ಒಂದು ಚೂರು ಕರುಣೆ, ಇರುವೆಗೆ ಒಂದು ಚೂರು ನ್ಯಾಯ, ಅದಕ್ಕಿಂತ ಹೆಚ್ಚು ಕೊಟ್ಟರೆ ಅವು ಏನು ಮಾಡಿಕೊಳ್ಳುತ್ತವೆ ಎಂದು ಚುಂಗ್‌ಚೊಂಗಿನವರು ಹೇಳುತ್ತಿದ್ದರು. ಇವರು 'ಬೇರೆ' ಎನ್ನುವ ಪಕ್ಷ. ಈ ಕಾರಣಕ್ಕೆ ಎರಡು ಪಕ್ಷದವರ ನಡುವೆ ಹೆಣ್ಣು ಕೊಟ್ಟು ತರುವುದು ನಿಂತುಹೋಗಿತ್ತು. ದನ, ಹುಲಿ, ಇರುವೆಗಳಿಗೆ ಇದಾವುದೂ ತಿಳಿದಿರಲಿಲ್ಲ.

ತಾಕ್ ಗುರುಗಳು ಚುಂಗ್‌ಚೊಂಗಿನಲ್ಲೇ ಹುಟ್ಟಿ 'ಒಂದೇ' ಪಕ್ಷ ಹಿಡಿದವರು. ಸುತ್ತ ಏಳೂರಿನಲ್ಲಿ ಅವರೊಬ್ಬರೇ ಹಾಗೆ. ಮದುವೆ ಮನೆಗಳಲ್ಲಿ ಅವರ ಪಕ್ಕ ಯಾರೂ ಊಟಕ್ಕೆ ಕೂರುತ್ತಿರಲಿಲ್ಲ. ಆಚೆ ದಡದಲ್ಲಿ 'ಬೇರೆ' ಪಕ್ಷದ ಪ್ಯೋ ಗುರುಗಳಿದ್ದರು. ಚಿಕ್ಕಂದಿನಲ್ಲಿ ಇಬ್ಬರೂ ಒಬ್ಬರೇ ಮೇಷ್ಟರ ಕೈಯಲ್ಲಿ ಒಂದೇ ಕೋಲಿನಿಂದ ಪೆಟ್ಟು ತಿಂದವರು. ಹೂಜಿಗಳು ಬೇರೆ, ನೀರು ಒಂದೇ ಎಂದು ಒಂದು ದಿನ ತಾಕ್ ಹೇಳಿದರು. ಹೂಜಿಯೊಳಗೆ ಹೋದಮೇಲೆ ಅದು ಆ ಹೂಜಿಯ ನೀರು ಎಂದು ಪ್ಯೋ ಹೇಳಿದರು. ಅಂದಿನಿಂದ ಇಪ್ಪತ್ತೆರಡು ವರ್ಷ ಮಾತಿಲ್ಲ, ಕಾಗದ ಮಾತ್ರ. ಒಬ್ಬರ ಅಂಗಳದಲ್ಲಿ ನಿಂತು ಕೂಗಿದರೆ ಇನ್ನೊಬ್ಬರ ಜಗುಲಿಗೆ ಕೇಳುತ್ತಿತ್ತು. ಕಾಗದ ಮಾತ್ರ ದೋಣಿಯಲ್ಲೇ ಹೋಗಬೇಕು.

ಹೀಗಿರುವಾಗ ಒಂದು ಬೆಳಿಗ್ಗೆ ತಾಕ್ ಗುರುಗಳು ಹೊಳೆಯ ದಂಡೆಯಲ್ಲಿ ಅಡ್ಡಾಡುತ್ತಾ ಬಂಡೆಯ ಮೇಲೆ ಮೂರು ಮೀನು ಕಂಡರು. ಪಕ್ಕದಲ್ಲಿ ನೀರುನಾಯಿ, ಮುಂಗಾಲು ಎತ್ತಿ ನಿಂತಿತ್ತು. ಹೊಸ ವರ್ಷದ ಮೊದಲ ತಿಂಗಳಲ್ಲಿ ನೀರುನಾಯಿ ಮೀನುಗಳನ್ನು ಸಾಲಾಗಿ ಜೋಡಿಸಿ ತನ್ನ ಹಿರಿಯರಿಗೆ ಎಡೆ ಇಡುತ್ತದೆ ಎಂದು ಹಿಂದಿನವರು ಬರೆದಿಟ್ಟಿದ್ದಾರೆ. ಓದಿದ್ದವರು ಸಾವಿರ, ನೋಡಿದವರು ಇರಲಿಲ್ಲ. ಗುರುಗಳು ಹತ್ತಿರ ಹೋಗಿ ಬಗ್ಗಿ ನೋಡಿದರು. ತಲೆ ಮೂಡಲಿಗೆ! 

ಅವರು ಅವಸರದ ಮನುಷ್ಯರಲ್ಲ. ಹದಿನಾಲ್ಕು ತಿಂಗಳು ಕಾದು ನೋಡಿ ಬರೆದರು. ಪ್ರತಿ ಸಲವೂ ಅವರು ಎದ್ದು ಬರುವ ಹೊತ್ತಿಗೆ ಎಡೆ ಇಟ್ಟು ಆಗಿರುತ್ತಿತ್ತು. ಒಂದನೆಯ ದಿನ ಉಂಟು, ಹದಿನೈದನೆಯ ದಿನ ಉಂಟು, ನಡುವೆ ಇಲ್ಲ. ಅಧಿಕ ಮಾಸ ಬಂದಾಗ ಅದರಲ್ಲೂ ಉಂಟು. ಅಂದರೆ ಪ್ರಾಣಿಗೆ ಪಂಚಾಂಗ ತಿಳಿದಿದೆ, ಇದು ವಿವೇಕ. ದೊಡ್ಡ ಮೀನನ್ನು ನಡುವೆ ಇಡುತ್ತದೆ, ಇದು ಮರ್ಯಾದೆ. ಒಂದು ತಿಂಗಳೂ ತಪ್ಪಿಸಿಲ್ಲ, ಇದು ನಂಬಿಕೆ. ಬೇರೆ ಯಾರಾದರೂ ಮನುಷ್ಯರು ಇಡುತ್ತಿರಬಹುದೇ ಎಂಬುದನ್ನೂ ಅವರು ಬಿಡದೆ ವಿಚಾರಿಸಿದ್ದರು. ಕ್ರಮ ತಿಳಿದ ಮನೆತನಗಳವರು ಹೊಳೆದಂಡೆಯಲ್ಲಿ ಎಡೆ ಇಡುವುದಿಲ್ಲ. ಹೊಳೆದಂಡೆಯಲ್ಲಿ ಇರುವ ಕೆಳಜನಕ್ಕೆ ಕ್ರಮ ತಿಳಿಯುವುದಿಲ್ಲ. ಆದ್ದರಿಂದ ನೀರುನಾಯಿ. ಒಂಬತ್ತನೆಯ ಹಾಳೆಯಲ್ಲಿ ಅವರು ಹೀಗೆ ಬರೆದರು: ಕಲಿಸಿದವರಿಲ್ಲ, ಹೆಸರಿನ ಹಲಗೆಯಿಲ್ಲ, ನೋಡಿ ಮೆಚ್ಚುವವರಿಲ್ಲ, ಆದರೂ ಕೊರೆಯುವ ಚಳಿಯಲ್ಲಿ ತನ್ನವರನ್ನು ನೆನೆಯುತ್ತದೆ, ಇದಕ್ಕಿಂತ ಪೂರ್ಣವಾದ ಕರುಣೆಯನ್ನು ನಾನು ಮನುಷ್ಯರಲ್ಲಿ ಕಂಡಿಲ್ಲ.

ಸುದ್ದಿ ಗೊಪ್ದಾನಿಗೆ ಮುಟ್ಟಿದ್ದು ತಾಕ್ ಮನೆಯ ಹಿತ್ತಿಲ ಬಾಗಿಲಲ್ಲಿ. ಮೀನು ಕೊಡಲು ಹೋದಾಗ ಅಡುಗೆಯವಳು ಹೇಳಿದಳು.

"ನಿನ್ನ ಹೊಳೇಲಿರೋ ನೀರುನಾಯಿ ಭಾರೀ ಆಚಾರವಂತ ಪ್ರಾಣಿಯಂತೆ ಕಣೇ. ಅದೂ ಎಡೆ ಇಡ್ತದಂತೆ. ನಮ್ಮ ಯಜಮಾನ್ರು ಅದರ ಮೇಲೆ ಪುಸ್ತಕ ಬರೀತಾವ್ರೆ. ರಾಜಧಾನಿಯಿಂದ ಕಾಗದ ಬಂದದೆ, ಶಭಾಷ್ ಅಂತ."

"ಯಾವ ನೀರುನಾಯಿ?"

"ಆ ಬಂಡೆ ಮೇಲೆ ಮೂರು ಮೀನು ಇಡೋದು."

ಗೊಪ್ದಾನಿ ಬುಟ್ಟಿ ಕೆಳಗಿಟ್ಟಳು. "ನನ್ನ ಕೂಳಿ ಹರಿದು ತಿನ್ನೋದೂ ಆ ಮುಂಡೇದೇ, ಹೆಸರು ಬರೋದೂ ಅದಕ್ಕೇನಾ," ಎಂದಳು. ಅಡುಗೆಯವಳಿಗೆ ಅರ್ಥವಾಗಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಗೊಪ್ದಾನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ ಹೆದರಿಕೆಯಾಯಿತು. ಊರಿನ ಕಟ್ಟಳೆಯಲ್ಲಿ ಮೇಲಿನವರ ಆಚಾರವನ್ನು ಕೆಳಗಿನವರು ನಡೆಸಿದರೆ ಮೂವತ್ತು ಕೋಲಿನ ಪೆಟ್ಟು ಎಂದಿತ್ತು. ಹೆಸರು ನೀರುನಾಯಿಯದೇ ಆಗಿರಲಿ ಎಂದು ಸುಮ್ಮನಾದಳು.

ಸುಮ್ಮನಿರಲು ಪ್ಯೋ ಗುರುಗಳು ಬಿಡಲಿಲ್ಲ. ದೋಣಿಯಲ್ಲಿ ಅವರ ಕಾಗದ ಬಂತು. ಕಣ್ಣಾರೆ ಕಂಡ ಹೊರತು ನಂಬುವುದಿಲ್ಲ, ಮೊದಲ ತಿಂಗಳ ಹುಣ್ಣಿಮೆಯಂದು ಬೆಳಿಗ್ಗೆ ತಾನೇ ಬಂದು ಕೂರುತ್ತೇನೆ, ಪ್ರಾಣಿ ಎಡೆ ಇಟ್ಟರೆ ಸಾಕ್ಷಿಪತ್ರಕ್ಕೆ ರುಜು ಹಾಕಿ 'ಬೇರೆ' ಪಕ್ಷ ಬಿಡುತ್ತೇನೆ ಎಂದಿತ್ತು. ಇಡದಿದ್ದರೆ ತಾಕ್ ಗುರುಗಳು ಹನ್ನೊಂದು ಹಾಳೆಯನ್ನೂ ಹೊಳೆಗೆ ಬಿಡಬೇಕು. ತಾಕ್ ಗುರುಗಳು ಒಪ್ಪಿದರು. ಹದಿಮೂರರಿಂದ ಹದಿನಾರನೆಯ ದಿನದವರೆಗೆ ಬಂಡೆಯ ಕಡೆ ಯಾರೂ ಸುಳಿಯಕೂಡದು, ಪ್ರಾಣಿಗೆ ತೊಂದರೆಯಾದೀತು ಎಂದು ಸಾರಿಸಿ, ಹುಲ್ಲಿನ ಹಗ್ಗ ಕಟ್ಟಿಸಿದರು.

ಅದು ಚಿಲ್ಸೊಂಗ್ ಸತ್ತು ಹತ್ತು ವರ್ಷ ತುಂಬುವ ದಿನ.

ಗೊಪ್ದಾನಿ ಹಿತ್ತಿಲ ಬಾಗಿಲು ಬಿಟ್ಟು ಮೊದಲ ಬಾರಿಗೆ ಮುಂಬಾಗಿಲಿಗೆ ಹೋದಳು. ಗುರುಗಳು ಜಗುಲಿಯ ಮೇಲೆ ಕೂತಿದ್ದರು. ಅವಳು ಅಂಗಳದಲ್ಲಿ ಕುಕ್ಕುರುಗಾಲಿನಲ್ಲಿ ಕೂತು ನೆಲ ನೋಡುತ್ತಾ ಹೇಳಿದಳು.

"ಬುದ್ಧೀ, ಹದಿನೈದನೇ ದಿನ ಬೆಳಿಗ್ಗೆ ನಾನು ಒಂದು ಗಳಿಗೆ ಬಂಡೆ ತಾವ ಹೋಗಿ ಬರ್ತೀನಿ."

"ಆ ದಿನ ಯಾರೂ ಹೋಗೋ ಹಾಗಿಲ್ಲ. ಸಾರಿಸಿದ್ದು ಕೇಳಿಸ್ಲಿಲ್ವ?"

"ಕೂಳಿ ನೋಡ್ಬೇಕು ಬುದ್ಧಿ."

"ಹದಿನೇಳಕ್ಕೆ ನೋಡು. ಮೀನು ಎಲ್ಲಿಗೆ ಹೋಗುತ್ತೆ?" ಗುರುಗಳು ಆ ದಿನ ಖುಷಿಯಲ್ಲಿದ್ದರು, ಮೀನಿನವಳಿಗೂ ತತ್ವ ಹೇಳುವಷ್ಟು ಖುಷಿ. "ನಿನಗೆ ಗೊತ್ತಿಲ್ಲ. ಆ ಪ್ರಾಣಿ ತನ್ನವರಿಗೆ ಎಡೆ ಇಡುತ್ತೆ. ಯಾರೂ ಹೇಳ್ಕೊಟ್ಟಿಲ್ಲ ಅದಕ್ಕೆ."

"ಯಾರೂ ಹೇಳ್ಕೊಟ್ಟಿಲ್ವಾ ಬುದ್ಧಿ?"

"ಇಲ್ಲ. ಅದೇ ಅದರ ದೊಡ್ಡತನ."

ಗೊಪ್ದಾನಿ ನೆಲದ ಮೇಲೆ ಬೆರಳಿನಲ್ಲಿ ಒಂದು ಗೆರೆ ಎಳೆದಳು. "ಅದನ್ನೇ ಮನುಷ್ಯರು ಮಾಡಿದ್ರೆ?"

"ಯಾವ ಮನುಷ್ಯರು?"

"ನಮ್ಮಂಥೋರು."

"ನಿಮ್ಮಂಥವರು ಮಾಡಿದ್ರೆ ಅದು ಅತಿಕ್ರಮ," ಎಂದರು ಗುರುಗಳು, ಸಿಟ್ಟಿಲ್ಲದೆ, ಬೆಂಕಿ ಮುಟ್ಟಿದರೆ ಸುಡುತ್ತದೆ ಎಂದು ಮಗುವಿಗೆ ಹೇಳುವ ಹಾಗೆ. ಅವಳು ಎದ್ದು ಹೋದಳು. ಅವಳು ಎಳೆದ ಗೆರೆಯ ಪಕ್ಕ ಇನ್ನೂ ಎರಡು ಗೆರೆಗಳಿದ್ದವು. ನಡುವಿನದು ಉದ್ದ. ಗುರುಗಳು ಅದನ್ನು ಗಮನಿಸಲಿಲ್ಲ.

ಎರಡು ದಿನ ಗೊಪ್ದಾನಿಗೆ ಅನ್ನ ಸೇರಲಿಲ್ಲ. ಹೋದರೆ ಮೂವತ್ತು ಪೆಟ್ಟು, ಅದಾದ ಮೇಲೆ ಅಡ್ಡಗಟ್ಟೂ ಕೈ ತಪ್ಪುತ್ತದೆ. ಅಡ್ಡಗಟ್ಟಿಲ್ಲದ ಮೀನುಗಾರ್ತಿಗೆ ಭಿಕ್ಷೆಯೊಂದೇ ದಾರಿ. ಹೋಗದಿದ್ದರೆ ಹತ್ತು ವರ್ಷ ತಣ್ಣೀರಿನಲ್ಲಿ ಕೂತಿರುವ ಗಂಡಸು ಸತ್ತ ದಿನವೇ ಉಪವಾಸ. ಹದಿನಾಲ್ಕನೆಯ ದಿನ ಸಂಜೆ ಐದು ಧಾನ್ಯದ ಅನ್ನ ಬೇಯಿಸಿ, ಮದುವೆಯಲ್ಲಿ ಕೊಟ್ಟ ಬಿಳಿಯ ಬಟ್ಟೆ ಒಗೆದು ಒಲೆಯ ಮೇಲೆ ಹರವಿದಳು. "ಬಡೀಲಿ ಬಿಡು," ಎಂದು ಒಲೆಗೆ ಹೇಳಿದಳು. "ಮೂವತ್ತು ತಾನೆ. ಎಣಿಸೋಕೆ ಬರುತ್ತೆ ನನಗೆ."

ಬೆಳಕು ಹರಿಯುವ ಮೊದಲೇ ಇಬ್ಬರು ಗುರುಗಳೂ ಜೊಂಡಿನ ಗುಡಿಸಲಿನಲ್ಲಿ ಬಂಡೆಗೆ ಮುಖ ಮಾಡಿ ಕೂತಿದ್ದರು. ನಡುವೆ ಸಾಕ್ಷಿಪತ್ರದ ಕಾಗದ, ಕುಂಚ, ಹೆಪ್ಪುಗಟ್ಟಿದ ಮಸಿ. ಒಂದು ಗಿಂಡಿಯಲ್ಲಿ ತಣ್ಣನೆಯ ಮದ್ಯವೂ ಇತ್ತು, ಹುಣ್ಣಿಮೆಯ ಬೆಳಿಗ್ಗೆ ಅದನ್ನು ಕುಡಿದರೆ ವರ್ಷವಿಡೀ ಕಿವಿ ಚುರುಕಾಗಿರುತ್ತದೆ. ಶಿಷ್ಯರನ್ನೆಲ್ಲ ಊರೊಳಗೆ ನಿಲ್ಲಿಸಿ ಬಂದಿದ್ದರು, ಪ್ರಾಣಿ ಬೆದರೀತೆಂದು.

"ಚಳಿ," ಎಂದರು ಪ್ಯೋ. ಇಪ್ಪತ್ತೆರಡು ವರ್ಷದ ಮೇಲೆ ಆಡಿದ ಮೊದಲ ಮಾತು.

"ಹೊಳೆ ಪಕ್ಕ ಅಲ್ವೆ."

"ನಿಮ್ಮ ನೀರುನಾಯಿ ಏಳೋದು ತಡವೋ?"

"ಅದು ಬರೋದು ಪಂಚಾಂಗ ನೋಡ್ಕೊಂಡು, ನಿಮ್ಮ ಅವಸರ ನೋಡ್ಕೊಂಡಲ್ಲ. ಕುಡೀರಿ, ಕಿವಿಯಾದ್ರೂ ಚುರುಕಾಗ್ಲಿ. ನಿಮಗೆ ಇನ್ನೊಬ್ಬರ ಮಾತು ಕೇಳೋದು ಮೊದಲಿಂದಲೂ ಕಷ್ಟ."

ಪ್ಯೋ ಗುರುಗಳು ಕುಡಿದರು. ಆಗಲೇ ದಂಡೆಯ ಮೇಲೆ ಬಿಳಿಯದೇನೋ ಬಂತು. ನೀರುನಾಯಿಗಿಂತ ಎತ್ತರವಿತ್ತು. ಹುಲ್ಲಿನ ಹಗ್ಗದ ಹತ್ತಿರ ಒಂದು ಗಳಿಗೆ ನಿಂತು, ಲಂಗ ಎತ್ತಿ ಹಗ್ಗ ದಾಟಿತು. ಬುಟ್ಟಿಯಿಂದ ಒಂದು ಮೀನು ತೆಗೆದು ಇಟ್ಟಿತು, ಇನ್ನೊಂದು ಇಟ್ಟಿತು, ದೊಡ್ಡದನ್ನು ನಡುವೆ ಇಟ್ಟಿತು. ತಲೆಗಳನ್ನು ಬೆರಳಿನಿಂದ ಸರಿಪಡಿಸಿತು. ಹಿಂದೆ ಸರಿದು ನಾಲ್ಕು ಬಾರಿ ಅಡ್ಡಬಿತ್ತು. ಆಮೇಲೆ ಗುಡಿಸಲಿನ ಕಡೆ ತಿರುಗಿ, ಹಣೆ ನೆಲಕ್ಕೆ ಮುಟ್ಟಿಸಿ ಹಾಗೆಯೇ ಇತ್ತು, ಯಾಕೆಂದರೆ ಒಳಗೆ ಯಾರಿದ್ದಾರೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.



"ಇದೇನಾ," ಎಂದರು ಪ್ಯೋ, "ನಿಮ್ಮ ನೀರುನಾಯಿ?"

ತಾಕ್ ಗುರುಗಳು ಎದ್ದು ಹೊರಗೆ ಬಂದರು. ಅವರ ಟೋಪಿ ಜೊಂಡಿಗೆ ಸಿಕ್ಕಿ ವಾಲಿತ್ತು. "ತಲೆ ಮೂಡಲಿಗೆ ಇಡಬೇಕು ಅಂತ ನಿನಗೆ ಯಾರು ಹೇಳಿದ್ದು?"

"ನಿಮ್ಮ ಮನೆ ಅಂಗಳದಲ್ಲಿ ಪಾತ್ರೆ ತಿಕ್ತಿದ್ದೆ ಬುದ್ಧಿ. ನಿಮ್ಮ ಅವ್ವನಿಗೆ ನೀವು ಎಡೆ ಇಡ್ತಿದ್ರಲ್ಲ, ಮೂರು ವರ್ಷ."

"ಎಷ್ಟು ದಿನದಿಂದ?"

"ಚಿಲ್ಸೊಂಗನಿಗೆ ಎಡೆ ಇಡೋರು ಇಲ್ಲದ ಮೇಲಿಂದ. ಎಂಟು ವರ್ಷ. ಅಧಿಕ ಮಾಸದಲ್ಲೂ ಇಟ್ಟಿದ್ದೀನಿ, ಆ ತಿಂಗಳು ಅವನಿಗೆ ಹಸಿವಾಗಲ್ವಾ ಅಂತ."

ಪ್ಯೋ ಗುರುಗಳು ಕೋಲೂರಿಕೊಂಡು ಹೊರಗೆ ಬಂದರು. ಗೆದ್ದವರ ಮುಖ ಎಷ್ಟು ಅಡಗಿಸಿಕೊಂಡರೂ ತಿಳಿದುಹೋಗುತ್ತದೆ. "ಹಾಗಾದ್ರೆ ಏನೂ ಸಾಧನೆಯಾಗ್ಲಿಲ್ಲ," ಎಂದರು. "ಮಾಡಿದ್ದು ಪ್ರಾಣಿಯಲ್ಲ, ಮನುಷ್ಯರು. ಮನುಷ್ಯರು ಅಂದ್ಮೇಲೆ ಇವಳ ಸ್ವಭಾವವೂ ನಿಮ್ಮದೂ ನನ್ನದೂ ಒಂದೇ, ಐದು ಗುಣವೂ ಪೂರ್ತಿ. ಅದರಲ್ಲಿ ಯಾರಿಗೆ ಯಾವಾಗ ತಕರಾರಿತ್ತು? ಕೊಡಿ ಇತ್ತ ಹನ್ನೊಂದು ಹಾಳೆ."

ಗೊಪ್ದಾನಿ ಹಣೆ ಎತ್ತಲಿಲ್ಲ. ಆದರೆ ಅವಳೂ ಆ ಬೆಳಿಗ್ಗೆ ತಣ್ಣನೆಯ ಮದ್ಯ ಒಂದು ಗುಟುಕು ಕುಡಿದು ಬಂದಿದ್ದಳು, ಕಿವಿ ಚುರುಕಾಗಿಯೇ ಇತ್ತು. "ಹಂಗಾದ್ರೆ ಬುದ್ಧೀ," ಎಂದಳು ನೆಲಕ್ಕೆ, "ಇದು ಅತಿಕ್ರಮ ಅಲ್ವಾ?"

ಪ್ಯೋ ಗುರುಗಳು ಬಾಯಿ ತೆರೆದರು. "ಸ್ವಭಾವ ಒಂದೇ ಇದ್ರೂ ಸ್ಥಾನ ಬೇರೆ ಬೇರೆ," ಎಂದು ಶುರುಮಾಡಿದರು. ಅದು ಉದ್ದವಾದ ಮಾತು, ಅವರಿಗೆ ಅದರ ಕೊನೆಯವರೆಗೂ ಬರುತ್ತಿತ್ತು. ತಾಕ್ ಗುರುಗಳು ನಡುವೆಯೇ ತಡೆದರು.

"ಇದನ್ನ ನೀರುನಾಯಿ ಮಾಡಿದ್ರೆ ಸದ್ಗುಣ ಅಂತ ನಾನು ಹನ್ನೊಂದು ಹಾಳೆ ಬರೆದಿದ್ದೀನಿ," ಎಂದರು. "ಇವಳು ಮಾಡಿದ್ರೆ ಅತಿಕ್ರಮ ಅನ್ನೋಕೆ ಹನ್ನೆರಡನೇದು ಬರೀಬೇಕು. ನನ್ನ ಹತ್ರ ಕಾಗದ ಇಲ್ಲ."

"ಇಲ್ಲೇ ಇದೆಯಲ್ಲ, ಸಾಕ್ಷಿಪತ್ರದ್ದು."

"ಅದು ಇಬ್ಬರ ಕಾಗದ. ಒಬ್ಬನೇ ಬರೆಯೋ ಹಾಗಿಲ್ಲ."

ಇನ್ನು ಪೆಟ್ಟು ಬೀಳುವುದಿಲ್ಲ ಎಂದು ಗೊಪ್ದಾನಿಗೆ ಆಗ ಅನ್ನಿಸಿತು. ಬೀಳದಿದ್ದಮೇಲೆ ಕೇಳುವುದನ್ನು ಕೇಳಿಬಿಡಬೇಕು. ಅವಳು ಎದ್ದು ಮನೆಗೆ ಓಡಿ, ಒಲೆಯ ಹಿಂದಿನ ಹಲಗೆ ತಂದು ಇಬ್ಬರ ಮುಂದೆ ಹಿಡಿದಳು. ಹೊಗೆ ಹಿಡಿದು ಅದು ಕಪ್ಪಾಗಿತ್ತು. ಒಂದು ಮುಖವನ್ನು ಮಾತ್ರ ಬೂದಿ ಹಾಕಿ ತಿಕ್ಕಿ ತಿಕ್ಕಿ ಬೆಳ್ಳಗೆ ಇಟ್ಟುಕೊಂಡಿದ್ದಳು.

"ಹೆಸರು ಬರ್ಕೊಡಿ ಬುದ್ಧಿ. ಕರೆಯೋಕೆ ಅವನಿಗೆ ಬರೆದ ಹೆಸರಿಲ್ಲ. ಎಂಟು ವರ್ಷದಿಂದ ಬಾ ಬಾ ಅಂತಿದ್ದೀನಿ, ಹೊಳೇಲಿ ಸತ್ತೋರು ಇವನೊಬ್ಬನೇ ಅಲ್ಲ. ಯಾರು ಬಂದು ತಿಂತಾರೋ ಏನೋ."

ತಾಕ್ ಗುರುಗಳು ಮಸಿಯ ಮೇಲೆ ಉಸಿರು ಬಿಟ್ಟು ಕರಗಿಸಿದರು. ಆಮೇಲೆ ಕುಂಚ ಎತ್ತಿ ಹಾಗೇ ಹಿಡಿದುಕೊಂಡರು. ಸರ್ಕಾರಿ ಹುದ್ದೆ ಇಲ್ಲದೆ ಸತ್ತ ಗಂಡಸಿನ ಹಲಗೆಯ ಮೇಲೆ, ಹೆಸರಿನ ಮುಂದೆ ವಿದ್ಯಾರ್ಥಿ ಎಂದು ಬರೆಯುವುದು ಪದ್ಧತಿ.

"ವಿದ್ಯಾರ್ಥಿ ಅಂತ ಹೇಗೆ ಬರೀತೀರಿ?" ಎಂದರು ಪ್ಯೋ. "ಅವನೇನು ಓದಿದ್ದ?"

"ನಿಮ್ಮ ತಾತನ ಹಲಗೆ ಮೇಲೂ ಹಾಗೇ ಇದೆ. ಅವರೇನು ಓದಿದ್ರು?"

"ನಮ್ಮ ತಾತ ಮೂರು ಸಲ ಪರೀಕ್ಷೆಗೆ ಕೂತಿದ್ರು!"

"ಮೂರು ಸಲವೂ ಎದ್ದು ಬಂದ್ರು."

"ಅವನಿಗೆ ಎಣಿಸೋಕೆ ಬರ್ತಿತ್ತು ಬುದ್ಧಿ," ಎಂದು ಗೊಪ್ದಾನಿ ನಡುವೆ ಸೇರಿಸಿದಳು. "ನಲವತ್ತರ ತನಕ."

ಇಪ್ಪತ್ತೆರಡು ವರ್ಷದ ಬಾಕಿ ಮಾತೆಲ್ಲ ಆ ಬಂಡೆಯ ಪಕ್ಕ ಹೊರಬಂತು. ಮೀನುಗಾರ ವಿದ್ಯಾರ್ಥಿಯೋ ಅಲ್ಲವೋ ಎಂಬಲ್ಲಿಂದ ಹೊರಟು, ಹೂಜಿಗೆ ಹೋಗಿ, ನೀರಿಗೆ ಹೋಗಿ, ಚಿಕ್ಕಂದಿನಲ್ಲಿ ಯಾರು ಯಾರ ಕುಂಚ ಕದ್ದಿದ್ದರು ಎಂಬಲ್ಲಿಗೆ ಬಂದು ಮುಟ್ಟಿತು. ಬಿಸಿಲೇರಿತು. ಗಿಂಡಿ ಖಾಲಿಯಾಯಿತು. ಈ ಗದ್ದಲದ ನಡುವೆ ನೀರುನಾಯಿ ನೀರಿನಿಂದೆದ್ದು ಬಂದು, ಬಂಡೆ ಹತ್ತಿ, ನಡುವಿನ ದೊಡ್ಡ ಮೀನನ್ನೇ ಕಚ್ಚಿಕೊಂಡು ಹೋಯಿತು. ಹದಿನಾಲ್ಕು ತಿಂಗಳು ಅದಕ್ಕಾಗಿ ಕಾದಿದ್ದವರು ಬೆನ್ನು ತಿರುಗಿಸಿಕೊಂಡು ಜಗಳವಾಡುತ್ತಿದ್ದರು. ನೋಡಿದವಳು ಗೊಪ್ದಾನಿ ಒಬ್ಬಳೇ. ಅವಳು ಹೇಳಲು ಹೋಗಲಿಲ್ಲ.

ಕೊನೆಗೆ ಬರೆದವರು ತಾಕ್, ಅಕ್ಷರ ಕೆಟ್ಟದಾಗಿದೆ ಎಂದು ಕುಂಚ ಕಿತ್ತುಕೊಂಡು ತಿದ್ದಿದವರು ಪ್ಯೋ. ಬರೆದಾದ ಮೇಲೆ ಅವಳು, "ಒಂದ್ಸಲ ಓದಿ ಬುದ್ಧಿ," ಎಂದಳು. ಪ್ಯೋ ಗುರುಗಳು ಗಂಟಲು ಸರಿಮಾಡಿಕೊಂಡು, ದೊಡ್ಡ ಮನೆಗಳ ಎಡೆಯಲ್ಲಿ ಓದುವ ಅದೇ ರಾಗದಲ್ಲಿ ಓದಿದರು: ವಿದ್ಯಾರ್ಥಿ ಚಿಲ್ಸೊಂಗ್.

ಆ ಹೆಸರನ್ನು ಬೇರೆಯವರ ಬಾಯಲ್ಲಿ ಕೇಳಿ ಅವಳಿಗೆ ಎಂಟು ವರ್ಷವಾಗಿತ್ತು. "ವಿದ್ಯಾರ್ಥಿಯಂತೆ," ಎಂದಳು. "ಕೇಳಿದ್ರೆ ಬಿದ್ದು ಬಿದ್ದು ನಗ್ತಿದ್ದ." ಹೇಳುತ್ತಾ ಅಲ್ಲೇ ಕೂತು, ಗಂಡ ಸತ್ತ ದಿನ ಅಳಲು ಪುರಸೊತ್ತಾಗದ ಅಳುವನ್ನೆಲ್ಲ ಅತ್ತಳು. ಇಬ್ಬರು ಗುರುಗಳೂ ಹೊಳೆ ನೋಡುತ್ತಾ ನಿಂತಿದ್ದರು.

ಹನ್ನೊಂದು ಹಾಳೆಯನ್ನು ತಾಕ್ ಗುರುಗಳು ಮಾತಿನಂತೆ ಹೊಳೆಗೆ ಬಿಟ್ಟರು. ಒಂಬತ್ತನೆಯ ಹಾಳೆ ಬಿಡುವಾಗ ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದರಂತೆ. ಪಕ್ಷ ಮಾತ್ರ ಯಾರೂ ಬದಲಾಯಿಸಲಿಲ್ಲ. ಮರುವಾರವೇ ದೋಣಿಯಲ್ಲಿ ಕಾಗದ ಶುರುವಾಯಿತು, ಈ ಸಲ ಇರುವೆಯ ಬಗ್ಗೆ. ಆದರೆ ಮೊದಲ ತಿಂಗಳ ಹುಣ್ಣಿಮೆಗೆ ಪ್ಯೋ ಗುರುಗಳು ಹೊಳೆ ದಾಟಿ ಬರುವುದು, ಇಬ್ಬರೂ ತಾಕ್ ಮನೆಯ ಜಗುಲಿಯಲ್ಲಿ ಕೂತು ತಣ್ಣನೆಯ ಮದ್ಯ ಕುಡಿದು ಜಗಳವಾಡುವುದು ಪದ್ಧತಿಯಾಯಿತು.

ಗೊಪ್ದಾನಿ ಹಲಗೆಯನ್ನು ಒಲೆಯ ಹಿಂದಿನಿಂದ ಒಲೆಯ ಮೇಲಿನ ಗೂಡಿಗೆ ಏರಿಸಿದಳು. ಗಂಡನಿಗೆ ಎಡೆ ಈಗ ಮನೆಯಲ್ಲೇ. ಆದರೂ ಒಂದನೆಯ ದಿನ, ಹದಿನೈದನೆಯ ದಿನ ಬಂಡೆಗೆ ಮೂರು ಮೀನು ಹೋಗುತ್ತಲೇ ಇದ್ದವು. ಯಾಕೆ ಎಂದು ಅಡುಗೆಯವಳು ಕೇಳಿದ್ದಕ್ಕೆ, "ಹೊಳೇಲಿ ಹೆಸರಿಲ್ಲದೋರು ಇನ್ನೂ ಎಷ್ಟು ಜನ ಇದ್ದಾರೋ," ಎಂದಳು. "ಆ ಮುಂಡೇದಕ್ಕೂ ಅಭ್ಯಾಸ ಆಗಿಬಿಟ್ಟದೆ." ಹೀಗೆ ಇನ್ನೂ ಹದಿನಾರು ವರ್ಷ ಕೂಳಿ ಹೆಣೆದಳು, ಮೀನು ಮಾರಿದಳು, ನೀರುನಾಯಿಯನ್ನೂ ಅದರ ಮರಿಗಳನ್ನೂ ಬೈದಳು. ಐವತ್ತೈದನೆಯ ವಯಸ್ಸಿನಲ್ಲಿ, ಹನ್ನೆರಡನೆಯ ತಿಂಗಳ ಚಳಿಯಲ್ಲಿ, ಕೆಮ್ಮು ಹಿಡಿದು ತೀರಿಕೊಂಡಳು. ಮಕ್ಕಳಿರಲಿಲ್ಲ. ಎಡೆ ಇಡುವವರು ಯಾರೂ ಇರಲಿಲ್ಲ.

ಮರುತಿಂಗಳು, ಮೊದಲ ತಿಂಗಳ ಹುಣ್ಣಿಮೆಯ ಬೆಳಿಗ್ಗೆ, ನೀರಿಗೆ ಹೋದ ಹೆಂಗಸರು ಬಂಡೆಯ ಮೇಲೆ ಮೂರು ಮೀನು ಕಂಡರು. ತಲೆ ಮೂಡಲಿಗೆ, ದೊಡ್ಡದು ನಡುವೆ. ಊರೆಲ್ಲ ಗುಲ್ಲಾಯಿತು. ಜನ ತಾಕ್ ಮನೆಯ ಅಂಗಳಕ್ಕೆ ಬಂದು ನಿಂತರು. ಜಗುಲಿಯಲ್ಲಿ ಎಪ್ಪತ್ತು ದಾಟಿದ ಇಬ್ಬರೂ ಗಿಂಡಿಯ ಮುಂದೆ ಕೂತಿದ್ದರು, ಹಿಂದೆ ಪ್ಯೋ ಗುರುಗಳ ಶಿಷ್ಯರು, 'ಬೇರೆ' ಪಕ್ಷದವರು, ಹನ್ನೆರಡು ಮಂದಿ. ತಾಕ್ ಗುರುಗಳ ಬಿಳಿಯ ಕಾಲುಚೀಲ ಮೊಣಕಾಲಿನವರೆಗೂ ಹೊಳೆಯ ಕೆಸರಾಗಿತ್ತು. ಬೆರಳಿಗೆ ಮೀನಿನ ಹುರುಪೆ ಅಂಟಿತ್ತು. ಅವರು ಕೈಯನ್ನು ತೋಳಿನೊಳಗೆ ಸೇರಿಸಿಕೊಂಡು ಛಾವಣಿ ನೋಡುತ್ತಿದ್ದರು.

"ಬಂಡೆ ಮೇಲೆ ಎಡೆ ಇಟ್ಟೋರು ಯಾರು ಬುದ್ಧಿ?" ಎಂದು ಜನ ಕೇಳಿದರು.

ಪ್ಯೋ ಗುರುಗಳು ಆ ಕಾಲುಚೀಲವನ್ನು ನೋಡಿದರು. ತಮ್ಮ ಹನ್ನೆರಡು ಮಂದಿ ಶಿಷ್ಯರನ್ನೂ ಒಮ್ಮೆ ನೋಡಿದರು. ಬಟ್ಟಲು ಎತ್ತಿ ಕುಡಿದು ಕೆಳಗಿಟ್ಟರು.

"ನೀರುನಾಯಿ," ಎಂದರು.